ಮಾಲಕ ಯಾರಂತ ಗೊತ್ತಾದ್ರ ಹೇಳಪಾ

ಅಮೆರಿಕದಲ್ಲಿರುವ ನನ್ನ ಸೋದರಳಿಯನಿಗೆ ಒಂದು ಚಟ. ಅಲ್ಲಿ ಅವನಿಗೆ ರಾತ್ರಿ ನಿದ್ದೆ ಬರದಿದ್ದರೆ ಇಲ್ಲಿ ನನ್ನ ಬೆಳಗಿನ ಚಹಾ ಕೆಡಿಸುತ್ತಾನೆ. ಮೊನ್ನೆಯೂ ಫೋನು ಹಚ್ಚಿ, "ಮಾಮಾ, ಏನ್ ಮಾಡಾಕತ್ತೀರಿ?" ಅಂದ. ಭಾಗ್ಯನಗರದಲ್ಲಿ ರಿಟೈರಾದ ಮನುಷ್ಯ ಬೆಳಿಗ್ಗೆ ಎಂಟು ಗಂಟೆಗೆ ಏನು ಮಾಡುತ್ತಾನೆ? ಕಟ್ಟೆಯ ಮೇಲೆ ಕೂತು ಹೋಗುವವರನ್ನು, ಬರುವವರನ್ನು ಎಣಿಸುತ್ತಾನೆ. ಅಷ್ಟು ಹೇಳಿದೆ. ಅವನ ಸುದ್ದಿ ಬೇರೆ ಇತ್ತು. ಅವನು ದಿನಾ ಹೋಗುವ ಕಾಫಿ ಅಂಗಡಿಯ ಹುಡುಗರು ವೋಟು ಹಾಕಿ ಯೂನಿಯನ್ನು ಕಟ್ಟಿಕೊಂಡಿದ್ದಾರಂತೆ.

"ಎಷ್ಟು ಮಂದಿ?"

"ಹದಿನೆಂಟು."

"ಗೆದ್ದರೋ?"

"ಗೆದ್ದು ಎರಡು ವರ್ಷ ಆತಂತ. ನನಗ ನಿನ್ನೆ ಗೊತ್ತಾತು."

"ಪಗಾರ ಎಷ್ಟು ಹೆಚ್ಚಾತು?"

"ಇಲ್ಲ ಮಾಮಾ. ಇನ್ನೂ ಮಾತುಕತಿ ನಡದೈತಿ."

"ಮತ್ತ ಗೆದ್ದದ್ದು ಏನು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕುಂತು ಮಾತಾಡ್ರಿ ಅಂತ ಮಾಲಕಗ ಹೇಳೋ ಹಕ್ಕು" ಅಂದ. ಚಹಾ ಆರಿ ಹೋಗಿತ್ತು. ಫೋನು ಇಟ್ಟರೂ ಅವನ ಮಾತು ತಲೆಯಿಂದ ಇಳಿಯಲಿಲ್ಲ. ತಲೆ ಅಂದಕೂಡಲೇ ನೆನಪಾಯಿತು ನೋಡಿ, ಅಷ್ಟರಲ್ಲಿ ಓಣಿಯ ತುದಿಯಿಂದ "ಕೂದಲಾ... ಕೂದಲಾ..." ಎಂಬ ಕೂಗು ಬಂತು.

ಕೊಪ್ಪಳದಿಂದ ರೈಲು ಹಳಿ ದಾಟಿದರೆ ನಮ್ಮೂರು. ನಮ್ಮದು ಬೇರೆ ಪಟ್ಟಣ ಪಂಚಾಯತಿ ಎಂಬ ಹೆಮ್ಮೆ ನಮಗಿದೆ. ಕೊಪ್ಪಳದವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಊರಿನ ಕಿವಿಗೆ ಎರಡು ಸದ್ದು ಬಳಕೆ. ಒಂದು ಮಗ್ಗದ್ದು, ಇನ್ನೊಂದು ಕೂದಲಿನವರದು. ಮಗ್ಗದ ಸದ್ದು ವರ್ಷ ವರ್ಷ ಕಡಿಮೆಯಾಗುತ್ತ ಬಂತು, ಕೂದಲಿನ ಕೂಗು ಏರುತ್ತ ಹೋಯಿತು. ತಲೆಯ ಮೇಲಿದ್ದಾಗ ಮಲ್ಲಿಗೆ ಮುಡಿಸಿಕೊಂಡು ಮೆರೆಯುವ ಕೂದಲು ತಟ್ಟೆಗೆ ಬಿದ್ದರೆ ಊಟವನ್ನೇ ಕೆಡಿಸುತ್ತದೆ. ನಮ್ಮೂರಲ್ಲಿ ಮಾತ್ರ ಅದೇ ಊಟಕ್ಕೆ ಹಾಕುತ್ತದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಹೆಣ್ಣುಮಕ್ಕಳು ತಲೆ ಬಾಚಿಕೊಂಡು ಉಂಡೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾರಲ್ಲ, ಅದನ್ನು ಹಳ್ಳಿ ಹಳ್ಳಿ ತಿರುಗಿ ಪಿನ್ನಿಗೋ, ಬಲೂನಿಗೋ, ಸ್ಟೀಲಿನ ಬಾಂಡೆಗೋ ಬದಲಿ ಕೊಳ್ಳುವವರಿದ್ದಾರೆ. ತಿರುಪತಿಯಂಥ ದೇವಸ್ಥಾನಗಳ ಮುಡಿ ಹರಾಜಾಗುವುದು ಬೇರೆ ದಾರಿ. ಎರಡೂ ದಾರಿಯ ಕೂದಲು ಭಾಗ್ಯನಗರಕ್ಕೆ ಬರುತ್ತದೆ. ಇಲ್ಲಿ ಸಿಕ್ಕು ಬಿಡಿಸಬೇಕು, ಬಿಳಿಯದನ್ನು ಹೆಕ್ಕಬೇಕು, ಹೇನಿನ ಸೀರು ತೆಗೆಯಬೇಕು, ಇಂಚಿನ ಲೆಕ್ಕದಲ್ಲಿ ಉದ್ದ ಬೇರೆ ಗಿಡ್ಡ ಬೇರೆ ಮಾಡಿ ಕಟ್ಟು ಕಟ್ಟಬೇಕು. ಆಮೇಲೆ ಅದು ಚೀನಾಕ್ಕೋ ಯುರೋಪಿಗೋ ಅಮೆರಿಕಕ್ಕೋ ಹೋಗಿ ಯಾರದೋ ತಲೆಯ ಮೇಲೆ ವಿಗ್ಗಾಗಿ ಕೂರುತ್ತದೆ. 2022ರ ಜನವರಿಯಲ್ಲಿ ಕೇಂದ್ರ ಸರಕಾರ ಕೂದಲು ರಫ್ತಿಗೆ ಅಪ್ಪಣೆ ಬೇಕು ಎಂದು ಕಟ್ಟು ಹಾಕಿದಾಗ ಹಾದಿಬೀದಿಯ ಹುಡುಗರೂ ವಿದೇಶ ವ್ಯಾಪಾರ ನೀತಿ ಮಾತಾಡುತ್ತಿದ್ದರು. ನಮ್ಮೂರು ಅಂಥದ್ದು.

ನಮ್ಮ ಎದುರು ಕಟ್ಟೆಯ ಮೇಲೆ ಮೂಲಿಮನಿ ಚಿಗವ್ವನೂ ಅವಳ ಜೊತೆಯವರೂ ಏಳು ಮಂದಿ ದಿನಾ ಮಧ್ಯಾಹ್ನ ಕೂದಲು ಬಿಡಿಸಲು ಕೂರುತ್ತಾರೆ. ಏಳು ಎಂಬ ಲೆಕ್ಕ ನೆನಪಿನಲ್ಲಿರಲಿ, ಆಮೇಲೆ ಬೇಕಾಗುತ್ತದೆ. ಸೋದರಳಿಯನ ಮಾತು ತಲೆಯಲ್ಲಿತ್ತಲ್ಲ, ಹೋಗಿ ಕೇಳಿದೆ: "ಚಿಗವ್ವ, ನಿನ್ನ ಮಾಲಕ ಯಾರು?"

"ನಿಮ್ಮ ಚಿಗಪ್ಪ ಹೋಗಿ ಹತ್ತು ವರ್ಷ ಆತಲ್ಲೋ ತಮ್ಮಾ."

ಎಲ್ಲರೂ ನಕ್ಕರು. ನಾನು ಬಿಡಲಿಲ್ಲ. ಆ ಮಾಲಕ ಅಲ್ಲ, ಈ ಕೂದಲಿನ ಮಾಲಕ ಯಾರು ಎಂದೆ. ಆಗ ವಿಚಾರಕ್ಕೆ ಬಿದ್ದಳು. ಚೀಲ ತಂದುಕೊಡುವವನು ಒಬ್ಬ ಹುಡುಗ. ಅವನನ್ನು ಕೇಳಿದರೆ ನಾನೂ ಕೂಲಿಯವನೇ ಅನ್ನುತ್ತಾನೆ. ಅವನಿಗೆ ಕೊಡುವವನು ಒಬ್ಬ ಏಜೆಂಟ. ಆ ಏಜೆಂಟ ಗೋದಾಮಿನ ಸಾಹುಕಾರನ ಹೆಸರು ಹೇಳುತ್ತಾನೆ. ಸಾಹುಕಾರ ರೇಟು ನನ್ನ ಕೈಯಲ್ಲಿಲ್ಲ, ಮೇಲಿನ ಪಾರ್ಟಿ ಇಳಿಸಿದ್ದಾರೆ ಅನ್ನುತ್ತಾನಂತೆ. ಆ ಮೇಲಿನ ಪಾರ್ಟಿ ಚೆನ್ನೈಯಲ್ಲೋ ಕೋಲ್ಕತ್ತಾದಲ್ಲೋ ಇರುತ್ತಾನೆ. ಅವನೂ ಚೀನಾದ ಕಡೆ ಬೆರಳು ತೋರಿಸುತ್ತಾನೆ. "ಹಿಂಗ ಹೋಗಿ ಹೋಗಿ ಸಿಕ್ಕಿನ ತುದಿ ಸಿಗೂದಿಲ್ಲ ನೋಡು" ಎಂದು ಚಿಗವ್ವ ಕೈಯಲ್ಲಿದ್ದ ಉಂಡೆಯನ್ನೇ ತೋರಿಸಿದಳು. "ಮಾಲಕ ಯಾರಂತ ಗೊತ್ತಾದ್ರ ನಮಗೂ ಹೇಳಪಾ. ತಕ್ಕಡಿ ಬಗ್ಗೆ ಅವನ ಕೂಡ ಎರಡು ಮಾತು ಆಡೋದೈತಿ."

ನನ್ನ ಅಪ್ಪ ನೇಕಾರ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ಅವ್ವ ಕಂಡಿಕೆ ಸುತ್ತಬೇಕು, ಮಕ್ಕಳು ನೂಲು ಹಿಡಿಯಬೇಕು, ಮಜೂರಿ ಮಾತ್ರ ಅಪ್ಪನ ಹೆಸರಿಗೆ. ಆದರೂ ಅಪ್ಪನಿಗೆ ಒಂದು ಭಾಗ್ಯವಿತ್ತು. ಅವನ ಸಾಹುಕಾರ ಮೂರು ಓಣಿ ಆಚೆ ಗಾದಿಯ ಮೇಲೆ ಕೂತಿರುತ್ತಿದ್ದ. ಸೀರೆಗೆ ನಾಲ್ಕಾಣೆ ಮುರಿದುಕೊಂಡರೆ ಹೋಗಿ ಎದುರು ನಿಲ್ಲಬಹುದಿತ್ತು. ಬೈಯಿಸಿಕೊಂಡು ಬರುತ್ತಿದ್ದ ಅನ್ನುವುದು ಬೇರೆ ಮಾತು. ಬೈಯುವುದಕ್ಕಾದರೂ ಎದುರಿಗೊಬ್ಬ ಮನುಷ್ಯ ಇದ್ದ. ಅಂಥ ಸಾಹುಕಾರನ ವಿರುದ್ಧ ಸಂಪು ಹೂಡಬಹುದು. ಬೆರಳು ತೋರಿಸುವವರ ಸಾಲಿನ ವಿರುದ್ಧ ಹೇಗೆ ಹೂಡುತ್ತೀರಿ?

ಇದು ನಮ್ಮ ಊರಿನದೇ ತೊಡಕು ಅಂದುಕೊಂಡಿದ್ದೆ. ಅಮೆರಿಕದ ಕಥೆ ಓದುತ್ತ ಕೂತರೆ ಅಲ್ಲಿಯೂ ಕಾಯಿದೆಯ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಚಿಗವ್ವನ ಉತ್ತರದ ಹತ್ತಿರವೇ. ಅಲ್ಲಿ 1935ರಲ್ಲಿ ರಾಬರ್ಟ್ ವ್ಯಾಗ್ನರ್ ಎಂಬ ಸೆನೆಟರ್ ಒಂದು ಕಾಯಿದೆ ತಂದರು, ರೂಸ್‌ವೆಲ್ಟ್ ಸಹಿ ಹಾಕಿದರು. ಕೆಲಸಗಾರರು ವೋಟು ಹಾಕಿ ಯೂನಿಯನ್ನು ಆರಿಸಿಕೊಂಡರೆ ಮಾಲಕ ಅವರೊಡನೆ ಕೂತು ಮಾತಾಡಲೇಬೇಕು ಎಂಬುದು ಅದರ ತಿರುಳು. ಒಳ್ಳೆಯ ಕಾಯಿದೆ. ಆದರೆ ಹೊಲದಲ್ಲಿ ದುಡಿಯುವವರನ್ನೂ ಮನೆಗೆಲಸದವರನ್ನೂ ಹೊರಗೆ ಇಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಆ ಕೆಲಸ ಮಾಡುವವರಲ್ಲಿ ಕಪ್ಪು ಜನರೇ ಹೆಚ್ಚು. ಅಲ್ಲಿನ ಬಿಳಿ ರಾಜಕಾರಣಿಗಳ ವೋಟಿಲ್ಲದೆ ಆ ಹೊತ್ತಿನ ಯಾವ ದೊಡ್ಡ ಕಾಯಿದೆಯೂ ದಡ ಸೇರುವಂತಿರಲಿಲ್ಲ.

ನನಗೆ ಇಷ್ಟವಾದದ್ದು ಪೇಪರ್ ಹುಡುಗರ ಕಥೆ. ಲಾಸ್ ಏಂಜಲೀಸಿನ ಬೀದಿಯಲ್ಲಿ ನಿಂತು ಹರ್ಸ್ಟ್ ಕಂಪನಿಯ ಪತ್ರಿಕೆ ಮಾರುವವರು ನಮಗೂ ಯೂನಿಯನ್ನು ಬೇಕೆಂದರು. ಕಂಪನಿ ಏನೆಂದಿತು? ಇವರು ನಮ್ಮ ನೌಕರರಲ್ಲ, ಪೇಪರು ಕೊಂಡುಕೊಂಡು ಮಾರುವ ಸ್ವತಂತ್ರ ವ್ಯಾಪಾರಿಗಳು ಎಂದಿತು. 1944ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಹೇಳುವವರು ನೀವೇ, ಅಂದಮೇಲೆ ಅವರು ನಿಮ್ಮ ನೌಕರರೇ ಎಂದಿತು. ಹುಡುಗರು ಗೆದ್ದರು. ಮೂರೇ ವರ್ಷಕ್ಕೆ, 1947ರಲ್ಲಿ, ಟ್ಯಾಫ್ಟ್-ಹಾರ್ಟ್ಲೆ ಕಾಯಿದೆ ಬಂತು. ಅಧ್ಯಕ್ಷ ಟ್ರೂಮನ್ ಬೇಡವೆಂದು ತಿರುಗಿ ಕಳಿಸಿದರೂ ಸಂಸತ್ತು ಅವರನ್ನು ಮೀರಿ ಪಾಸು ಮಾಡಿತು. ಅದರಲ್ಲಿ ಒಂದು ಸಣ್ಣ ಸಾಲು: ಸ್ವತಂತ್ರ ಗುತ್ತಿಗೆದಾರ ಕಾರ್ಮಿಕನಲ್ಲ. ಮುಗಿಯಿತು. ಇವತ್ತು ಬಾಡಿಗೆ ಕಾರು ಓಡಿಸುವ ಹುಡುಗನಿಗೆ ಆ್ಯಪ್ ಕಂಪನಿಗಳು "ನೀನು ನಮ್ಮ ಪಾರ್ಟ್ನರು" ಎಂದು ಹೇಳುವ ಧೈರ್ಯದ ಬೇರು ಆ ಸಾಲಿನಲ್ಲಿದೆ. ಪಾರ್ಟ್ನರಂತೆ! ನಮ್ಮ ಏಜೆಂಟರಿಗೆ ಈ ಶಬ್ದ ಇನ್ನೂ ತಲುಪಿಲ್ಲ, ತಲುಪಿದ ದಿನ ಚಿಗವ್ವನೂ ಪಾರ್ಟ್ನರಾಗುತ್ತಾಳೆ.

ಆ ಕಾಯಿದೆಯ ಇನ್ನೊಂದು ಕಲಮಿನ ಪ್ರಕಾರ, ಯೂನಿಯನ್ನಿನ ಲಾಭ ಪಡೆಯುವವರೆಲ್ಲ ಅದಕ್ಕೆ ವಂತಿಗೆ ಕೊಡಲೇಬೇಕೆಂಬ ಒಪ್ಪಂದವನ್ನು ರಾಜ್ಯಗಳು ನಿಷೇಧಿಸಬಹುದು. ಈಗ 26 ರಾಜ್ಯಗಳಲ್ಲಿ ಹಾಗಿದೆ. ಅದಕ್ಕೆ ಅವರಿಟ್ಟ ಹೆಸರು "ಕೆಲಸದ ಹಕ್ಕು". ಹೆಸರಿಡುವುದರಲ್ಲಿ ರಾಜಕಾರಣಿಗಳು ಎಲ್ಲಾ ದೇಶದಲ್ಲೂ ಜಾಣರು. ನಾವು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರ ಪಗಾರಕ್ಕೆ "ಗೌರವಧನ" ಎಂದು ಹೆಸರಿಟ್ಟಿಲ್ಲವೇ? ಗೌರವ ಜಾಸ್ತಿ ಕೊಟ್ಟು ಧನ ಕಡಿಮೆ ಕೊಡುವ ಉಪಾಯ.

ಹಾಗಾದರೆ ಆ 1947ರ ಕಾಯಿದೆಯನ್ನು ಯಾರೂ ತಿದ್ದಲಿಲ್ಲವೇ? ಇಲ್ಲಿದೆ ನೋಡಿ ಹರಟೆಮಲ್ಲರು ಎದೆ ಉಬ್ಬಿಸಿಕೊಳ್ಳುವ ಸಂಗತಿ. ಅಮೆರಿಕದ ಸೆನೆಟ್ಟಿನಲ್ಲಿ ನೂರು ಮಂದಿ. ಐವತ್ತೊಂದು ಮಂದಿ ಇದ್ದರೆ ಕಾಯಿದೆ ಆಗಬೇಕಲ್ಲ? ಆಗುವುದಿಲ್ಲ. ಒಬ್ಬ ಎದ್ದು ನಿಂತು ಮಾತು ಶುರು ಮಾಡಿದರೆ ಅವನನ್ನು ಕೂರಿಸಲು ಅರವತ್ತು ಮಂದಿ ಬೇಕು. ಅರವತ್ತು ಸಿಗದಿದ್ದರೆ ಹರಟೆ ಹೊಡೆದು ಹೊಡೆದೇ ಕಾಯಿದೆಯನ್ನು ಸಾಯಿಸಬಹುದು. ನಾನು ಇಷ್ಟು ವರ್ಷ ಕಟ್ಟೆಯ ಮೇಲೆ ಪುಕ್ಕಟೆ ಮಾಡಿದ ಕೆಲಸಕ್ಕೆ ಅಲ್ಲಿ ಸೆನೆಟ್ಟಿನ ನಿಯಮದ ಮರ್ಯಾದೆ! 1977ರಲ್ಲಿ ಜಿಮ್ಮಿ ಕಾರ್ಟರ್ ಕಾಲದಲ್ಲಿ ಕಾರ್ಮಿಕ ಕಾಯಿದೆ ತಿದ್ದುಪಡಿ ಕೆಳಮನೆಯಲ್ಲಿ ಸಲೀಸಾಗಿ ಪಾಸಾಯಿತು. 1978ರಲ್ಲಿ ಸೆನೆಟ್ಟಿಗೆ ಬಂದು ಕೂತಿತು. ಮಾತು ನಿಲ್ಲಿಸಲು ಆರು ಸಲ ವೋಟು ಹಾಕಿದರು. ಹೆಚ್ಚೆಂದರೆ 58 ಬಂದವು. ಎರಡು ವೋಟಿಗೆ ಹೋಯಿತು. 2009ರಲ್ಲಿ ಒಬಾಮಾ ಬಂದಾಗ ಇನ್ನೊಂದು ಪ್ರಯತ್ನ ನಡೆಯಿತು, ಅದೂ ಹೋಯಿತು. ಸಂಘ ಕಟ್ಟುವ ಹಕ್ಕನ್ನು ಕಾಪಾಡುವ "ಪ್ರೊ ಆ್ಯಕ್ಟ್" ಕೆಳಮನೆಯಲ್ಲಿ 2020ರಲ್ಲೊಮ್ಮೆ, 2021ರಲ್ಲೊಮ್ಮೆ ಪಾಸಾಗಿ ಸೆನೆಟ್ಟಿನ ಬಾಗಿಲಲ್ಲೇ ಕೂತಿತು. ಈಗಂತೂ ಎದ್ದು ನಿಂತು ಗಂಟಲು ಒಣಗಿಸಿಕೊಳ್ಳುವ ತ್ರಾಸೂ ಇಲ್ಲ, ಹರಟೆ ಹೊಡೆಯುತ್ತೇನೆ ಎಂದು ಹೆದರಿಸಿದರೆ ಸಾಕು.

ಜನ ಬೇಡವೆಂದರೆ ಸರಿ. ಗ್ಯಾಲಪ್‌ನವರು 2024ರಲ್ಲಿ ಕೇಳಿದಾಗ ನೂರಕ್ಕೆ 70 ಅಮೆರಿಕನ್ನರು ಯೂನಿಯನ್ನುಗಳು ಒಳ್ಳೆಯವು ಅಂದಿದ್ದಾರೆ. ಅದೇ ವರ್ಷ ಯೂನಿಯನ್ನಿನಲ್ಲಿ ಇದ್ದವರು ಎಷ್ಟು? ನೂರಕ್ಕೆ 9.9. ಖಾಸಗಿ ಕಂಪನಿಗಳ ಲೆಕ್ಕ ಮಾತ್ರ ಹಿಡಿದರೆ 5.9. 1983ರಲ್ಲಿ ಒಟ್ಟು 20.1 ಇತ್ತು. ಕೊಪ್ಪಳದ ಗವಿಮಠದ ಜಾತ್ರೆಯ ತೇರು ಚಂದ ಎನ್ನುವವರು ಲಕ್ಷ ಮಂದಿ, ಮಿಣಿ ಹಿಡಿದು ಎಳೆಯುವವರು ಎಷ್ಟು? ಹಾಗೆ ಅಂದುಬಿಡಬಹುದು. ಆದರೆ ಜಾತ್ರೆಯಲ್ಲಿ ಮಿಣಿ ಹಿಡಿಯಲು ಹೋದವನನ್ನು ಮರುದಿನ ಕೆಲಸದಿಂದ ತೆಗೆಯುವುದಿಲ್ಲ. ಅಲ್ಲಿ ತೆಗೆಯುತ್ತಾರೆ. ಹಾಗೆ ತೆಗೆದ ಕಂಪನಿಗೆ ಮೂಲ ಕಾಯಿದೆಯಲ್ಲಿ ದಂಡವೇ ಇಲ್ಲ. ಕೇಸು ನಡೆದು ಗೆದ್ದರೆ ಹಿಂದಿನ ಪಗಾರ ಕೊಡಬೇಕು. ಅದರಲ್ಲೂ ನಡುವೆ ಬೇರೆಲ್ಲೋ ದುಡಿದಿದ್ದರೆ ಆ ದುಡ್ಡು ಮುರಿದುಕೊಂಡು!

2021ರ ಡಿಸೆಂಬರಿನಲ್ಲಿ ಬಫಲೋ ಎಂಬ ಊರಿನ ಸ್ಟಾರ್‌ಬಕ್ಸ್ ಕಾಫಿ ಅಂಗಡಿಯಲ್ಲಿ ಹುಡುಗರು ಯೂನಿಯನ್ನು ಗೆದ್ದು ದೇಶಕ್ಕೆಲ್ಲ ಸುದ್ದಿಯಾದರು. ಆಮೇಲೆ ನೂರಾರು ಅಂಗಡಿಗಳು ಅದೇ ದಾರಿ ಹಿಡಿದವು. ನಾಲ್ಕು ವರ್ಷ ತುಂಬಿದರೂ ಒಪ್ಪಂದ ಆಗಿರಲಿಲ್ಲ. ಮಾಲಕ ಕೂತು ಮಾತಾಡಬೇಕು ಎಂದು ಕಾಯಿದೆ ಹೇಳುತ್ತದೆ, ಒಪ್ಪಬೇಕು ಎಂದು ಹೇಳುವುದಿಲ್ಲ. ಎಷ್ಟು ದಿನದೊಳಗೆ ಎಂದೂ ಹೇಳುವುದಿಲ್ಲ. ನಮ್ಮಲ್ಲಿ ಕನ್ಯೆ ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, "ತಿಳಿಸ್ತೀವ್ರಿ" ಎಂದು ಹೋಗುತ್ತಾರಲ್ಲ, ಹಾಗೆ.

ಮಜಾ ಏನೆಂದರೆ ಈಗ ಯೂನಿಯನ್ನಿನ ವೋಟಿಗೆ ಎರಡೂ ಪಕ್ಷಗಳು ಕಣ್ಣು ಹೊಡೆಯುತ್ತಿವೆ. ಲಾರಿ ಡ್ರೈವರುಗಳ ದೊಡ್ಡ ಸಂಘವಾದ ಟೀಮ್‌ಸ್ಟರ್ಸ್ ಅಧ್ಯಕ್ಷರು 2024ರಲ್ಲಿ ರಿಪಬ್ಲಿಕನ್ ಪಕ್ಷದ ಮಹಾಸಭೆಯಲ್ಲಿ ಭಾಷಣ ಮಾಡಿದರು. ಪ್ರೊ ಆ್ಯಕ್ಟಿಗೆ ಸಹಿ ಹಾಕಿದ್ದ ಒಬ್ಬ ರಿಪಬ್ಲಿಕನ್ ಮಹಿಳೆಯನ್ನೇ ಟ್ರಂಪ್ ಕಾರ್ಮಿಕ ಮಂತ್ರಿ ಮಾಡಿದರು. ಗದ್ದುಗೆ ಏರುವ ಮೊದಲಿನ ವಿಚಾರಣೆಯಲ್ಲಿ ಆಕೆ ಆ ಕಾಯಿದೆಯ ಮುಖ್ಯ ಭಾಗದಿಂದ ಮೆಲ್ಲಗೆ ಕೈ ಬಿಡಿಸಿಕೊಂಡರು. ಅದೇ ಟ್ರಂಪ್ 2025ರ ಜನವರಿಯಲ್ಲಿ ಕಾರ್ಮಿಕ ಸಂಬಂಧಗಳ ಮಂಡಳಿಯ ಸದಸ್ಯೆಯೊಬ್ಬರನ್ನು ತೆಗೆದುಹಾಕಿದರು. ಮಂಡಳಿಗೆ ಕೋರಂ ಇಲ್ಲದಂತಾಗಿ ಅದು ತೀರ್ಪು ಕೊಡುವುದೇ ನಿಂತಿತು. ಮಾರ್ಚಿನಲ್ಲಿ ಎಷ್ಟೋ ಕೇಂದ್ರ ಇಲಾಖೆಗಳ ನೌಕರರ ಚೌಕಾಸಿಯ ಹಕ್ಕನ್ನೇ ಒಂದು ಆದೇಶದಲ್ಲಿ ಅಳಿಸಿದರು. ಅದನ್ನು ತಿರುಗಿ ಕೊಡಿ ಎಂಬ ಮಸೂದೆ ಡಿಸೆಂಬರಿನಲ್ಲಿ ಕೆಳಮನೆಯಲ್ಲಿ 231–195ರಿಂದ ಗೆದ್ದಿತು. ಅಧ್ಯಕ್ಷರ ಪಕ್ಷದವರೇ ಇಪ್ಪತ್ತು ಮಂದಿ ಆಚೆ ಹೋಗಿ ವೋಟು ಹಾಕಿದರು. ಭಲೇ ಅನ್ನಬೇಕು. ಅನ್ನುವಷ್ಟರಲ್ಲಿ ಎದುರಿಗೆ ಮತ್ತೆ ಸೆನೆಟ್ಟು, ಮತ್ತೆ ಆ ಅರವತ್ತು. ನನ್ನನ್ನು ಕೇಳಿದರೆ ಆ ಅರವತ್ತರ ಕೀಲಿ ಇರುವ ತನಕ ಅಲ್ಲಿ ಯೂನಿಯನ್ನಿನ ಕಾಯಿದೆ ಸುಧಾರಣೆ ಆಗುವ ಲಕ್ಷಣವಿಲ್ಲ. ಆದರೆ ಕೀಲಿ ತೆಗೆದ ಮನೆಯಲ್ಲಿ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅದು ನಮ್ಮ ಮನೆ.

ಬೆಂಗಳೂರಿನ ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ರಸ್ತೆ ಇದೆ. ಅಲ್ಲಿಯ ವಿಶ್ವ ಸಂಸ್ಕೃತಿ ಸಂಸ್ಥೆಗೆ ಭಾಷಣ ಕೇಳಲು ಹೋದವರು ಅದನ್ನು 1945ರಲ್ಲಿ ಕಟ್ಟಿದ ಈ ವಾಡಿಯಾ ಯಾರೋ ಪಾರ್ಸಿ ತತ್ತ್ವಜ್ಞಾನಿ ಅಂದುಕೊಂಡಿರುತ್ತಾರೆ. ಅದೂ ಸುಳ್ಳಲ್ಲ, ಥಿಯಾಸಫಿಯವರೇ. ಆದರೆ ಇದೇ ಮನುಷ್ಯ 1918ರಲ್ಲಿ ಮದ್ರಾಸಿನ ಗಿರಣಿ ಕೆಲಸಗಾರರ ಸಂಘ ಕಟ್ಟಿದವರು. ಗಿರಣಿ ಬಿನ್ನಿ ಕಂಪನಿಯದು. ಬೆಂಗಳೂರಿನ ಬಿನ್ನಿಮಿಲ್ಲೂ ಅದೇ ಮನೆತನದ್ದೇ. 1920ರಲ್ಲಿ ಕಂಪನಿ ಹೈಕೋರ್ಟಿಗೆ ಹೋಯಿತು. ನಮ್ಮ ಕೆಲಸಗಾರರು ನಮ್ಮೊಡನೆ ಮಾಡಿಕೊಂಡ ಕರಾರು ಮುರಿಯುವಂತೆ ವಾಡಿಯಾ ಚಿತಾವಣೆ ಮಾಡಿದ್ದಾರೆ, ನಷ್ಟ ತುಂಬಿಕೊಡಲಿ ಎಂದಿತು. ಕೋರ್ಟು ಕಂಪನಿಯ ಕಡೆ ನಿಂತಿತು. ಕೊನೆಗೆ ವಾಡಿಯಾ ಸಂಘದಿಂದ ದೂರ ಸರಿಯಬೇಕು ಎಂಬ ರಾಜಿಯಾಯಿತು. ಸಂಘ ಕಟ್ಟಿದರೆ ಮನೆಮಾರು ಹೋಗುತ್ತದೆ ಎಂಬ ಈ ಹೆದರಿಕೆಯಿಂದಲೇ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಹಟ ಹಿಡಿದು, 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂತು. ಏಳು ಮಂದಿ ಸಹಿ ಹಾಕಿದರೆ ಸಂಘ ನೋಂದಣಿ. ಬ್ರಿಟಿಷರ ಸೀಮೆಗೆ ಮಾತ್ರ ಮತ್ತೆ. ನಮ್ಮ ಕೊಪ್ಪಳ ಆಗ ನಿಜಾಮನ ರಾಜ್ಯ.

ಹೀಗೆ ನಮ್ಮಲ್ಲಿ ಸಂಘ ಕಟ್ಟುವುದು ಸುಲಭವಾಯಿತು. ಆದರೆ ಆ ಸಂಘದೊಡನೆ ಮಾಲಕ ಮಾತಾಡಲೇಬೇಕು ಎಂಬ ಮಾತು ಆ ಕಾಯಿದೆಯಲ್ಲಿ ಇರಲಿಲ್ಲ. ಅಮೆರಿಕದಲ್ಲಿ ಕದ ತಟ್ಟುವುದು ಕಷ್ಟ, ಇಲ್ಲಿ ಯಾರು ಬೇಕಾದರೂ ತಟ್ಟಬಹುದು, ಒಳಗಿನವರು ತೆರೆಯಬೇಕೆಂದಿಲ್ಲ. ಇದನ್ನು ಕಂಡವರು ಡಾ. ಬಿ.ಆರ್. ಅಂಬೇಡ್ಕರ್. ವೈಸರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿದ್ದಾಗ 1943ರಲ್ಲಿ, ಯೋಗ್ಯ ಸಂಘಕ್ಕೆ ಮಾಲಕರು ಮಾನ್ಯತೆ ಕೊಡಲೇಬೇಕೆಂಬ ಮಸೂದೆ ಮಂಡಿಸಿದರು. 1946ರಲ್ಲಿ ಮತ್ತೆ ತಂದರು. 1947ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ, ಅದು ಪಾಸೂ ಆಯಿತು. ಆಮೇಲೆ? ಆಮೇಲೆ ಏನೂ ಇಲ್ಲ. ಕಾಯಿದೆ ಪಾಸಾದ ಮೇಲೆ ಇಂಥ ದಿನದಿಂದ ಜಾರಿ ಎಂದು ಸರಕಾರ ಒಂದು ಕಾಗದ ಹೊರಡಿಸಬೇಕು. ಆ ಕಾಗದ ಹೊರಡಲೇ ಇಲ್ಲ. ನೆಹರೂ ಕಾಲಕ್ಕೆ ಹೊರಡಲಿಲ್ಲ, ಇಂದಿರಾ ಕಾಲಕ್ಕೆ ಹೊರಡಲಿಲ್ಲ, ಯಾರ ಕಾಲಕ್ಕೂ ಹೊರಡಲಿಲ್ಲ. ಜಗತ್ತಿನ ಅತಿ ದೊಡ್ಡ ಪ್ರಜಾಪ್ರಭುತ್ವದ ಕಪಾಟಿನಲ್ಲಿ ಒಂದು ಪಾಸಾದ ಕಾಯಿದೆ ಎಪ್ಪತ್ತು ವರ್ಷ ಮೇಲ್ಪಟ್ಟು ಜಿರಳೆಗಳಿಗೆ ಮಾತ್ರ ಅನ್ವಯವಾಯಿತು. ನೋಡಿ, ಅದೇ 1947ರಲ್ಲಿ ಅಮೆರಿಕದವರು ಯೂನಿಯನ್ನಿನ ಕೈ ಕಟ್ಟುವ ಕಾಯಿದೆ ಮಾಡಿ ಕೂಡಲೇ ಜಾರಿಗೆ ತಂದರು. ನಾವು ಯೂನಿಯನ್ನಿಗೆ ಕೈ ಕೊಡುವ ಕಾಯಿದೆ ಮಾಡಿ ಮಲಗಿಸಿದೆವು. ಯಾವುದು ಹೆಚ್ಚು ಪ್ರಾಮಾಣಿಕ ಎಂದು ನನ್ನನ್ನು ಕೇಳಬೇಡಿ.

ಆ ಮಾನ್ಯತೆ ಕೊನೆಗೂ ಬಂದದ್ದು ಹೇಗೆ ಅಂದರೆ, 2020ರ ಸೆಪ್ಟೆಂಬರಿನಲ್ಲಿ, ನಾವೆಲ್ಲ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಕೂತಿದ್ದಾಗ. ವಿರೋಧ ಪಕ್ಷದವರು ಸಭೆ ಬಹಿಷ್ಕರಿಸಿ ಹೊರಗಿದ್ದರು. ಕೈಗಾರಿಕಾ ಸಂಬಂಧಗಳ ಸಂಹಿತೆ ಮತ್ತು ಇನ್ನೆರಡು ಸಂಹಿತೆಗಳು 22ರಂದು ಲೋಕಸಭೆಯಲ್ಲಿ, 23ರಂದು ರಾಜ್ಯಸಭೆಯಲ್ಲಿ ಪಾಸು. ಅರವತ್ತೂ ಬೇಡ, ಹರಟೆಯೂ ಬೇಡ. ಅಲ್ಲಿ ಐವತ್ತು ವರ್ಷದಲ್ಲಿ ಆಗದ್ದು ಇಲ್ಲಿ ಎರಡು ದಿನದಲ್ಲಿ ಆಯಿತು. ಆಮೇಲೆ ನಮ್ಮ ಪದ್ಧತಿಯಂತೆ ಕಪಾಟಿಗೆ ಹೋಗಿ ಐದು ವರ್ಷ ನಿದ್ದೆ ಮಾಡಿ, 2025ರ ನವೆಂಬರ್ 21ರಂದು ಎದ್ದಿತು. ಹಳೆಯ 29 ಕಾಯಿದೆ ಹೋಗಿ, ಮೊದಲೇ ಪಾಸಾಗಿದ್ದ ಇನ್ನೊಂದೂ ಸೇರಿ ನಾಲ್ಕು ಸಂಹಿತೆ ಉಳಿದವು.

ಒಳಗೇನಿದೆ? ನೂರಕ್ಕೆ 51 ಕಾರ್ಮಿಕರ ಬೆಂಬಲವಿರುವ ಸಂಘದೊಡನೆ ಮಾಲಕ ಮಾತಾಡಬೇಕು. ಯಾರಿಗೂ ಅಷ್ಟಿಲ್ಲದಿದ್ದರೆ 20 ದಾಟಿದ ಸಂಘಗಳನ್ನೆಲ್ಲ ಸೇರಿಸಿ ಒಂದು ಪರಿಷತ್ತು. ಅಂಬೇಡ್ಕರ್ ಮಸೂದೆಯ ಎಂಬತ್ತು ವರ್ಷದ ಹಳೆಯ ಸಾಲ ಅಷ್ಟರ ಮಟ್ಟಿಗೆ ತೀರಿತು, ಇಲ್ಲ ಅನ್ನಲಾರೆ. ಆದರೆ ಬಲಗೈಯಲ್ಲಿ ಕೊಟ್ಟದ್ದಕ್ಕೆ ಎಡಗೈಯಲ್ಲಿ ಬಡ್ಡಿ ಮುರಿದುಕೊಂಡಿದ್ದಾರೆ. ಮೊದಲು ನೀರು, ಕರೆಂಟು, ರೈಲಿನಂಥ ಕಡೆ ಮಾತ್ರ ಸಂಪಿಗೆ ನೋಟೀಸು ಕೊಡಬೇಕಿತ್ತು, ಈಗ ಯಾವ ಕಾರ್ಖಾನೆಯಲ್ಲಾದರೂ 14 ದಿನ ಮೊದಲು ಕೊಡಬೇಕು. ಸಂಧಾನ ನಡೆದಿರುವಾಗ ಸಂಪು ಇಲ್ಲ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಾಗಿ ಒಂದೇ ದಿನ ರಜೆ ಹಾಕಿದರೆ ಅದೂ ಸಂಪೇ. ನಮ್ಮ ಕಡೆ ಜಾತ್ರೆಯ ದಿನ ಎಷ್ಟು ಕಾರ್ಖಾನೆಗಳಲ್ಲಿ ಸಂಪು ಆದೀತೋ! ಕೆಲಸದಿಂದ ತೆಗೆಯಲು ಸರಕಾರದ ಅಪ್ಪಣೆ ಬೇಕಾಗಿದ್ದದ್ದು ನೂರು ಮಂದಿ ಇರುವಲ್ಲಿ. ಅದು ಮುನ್ನೂರಾಯಿತು. ಇನ್ನು ಗಿಣಿಗೇರಿ ಕಡೆಯ ಕಬ್ಬಿಣದ ಕಾರ್ಖಾನೆಗಳಿಗೆ ಸೈಕಲ್ಲು ತುಳಿದು ಹೋಗುವ ಗುತ್ತಿಗೆಯ ಹುಡುಗನಿಗೆ ಈ 51 ಎಂಬುದು ಯಾರ ನೂರರಲ್ಲಿ ಎಂಬುದೇ ಗೊತ್ತಿಲ್ಲ. ಗೇಟು ಒಬ್ಬರದು, ಪಗಾರದ ಚೀಟಿ ಇನ್ನೊಬ್ಬರದು.

ಹಾಗಂತ ಕಾಯಿದೆ ಇಲ್ಲದಿದ್ದರೆ ಜನ ಸುಮ್ಮನಿರುತ್ತಾರೆ ಎಂದಲ್ಲ. 2016ರ ಏಪ್ರಿಲ್ 18ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಷಿನ್ನು ಬಿಟ್ಟು ಹೊಸೂರು ರಸ್ತೆಗೆ ಬಂದು ಕೂತರು. ತಮ್ಮ ಪಿಎಫ್ ದುಡ್ಡನ್ನು 58 ವರ್ಷ ತುಂಬುವ ತನಕ ಪೂರ್ತಿ ತೆಗೆಯುವಂತಿಲ್ಲ ಎಂಬ ನಿಯಮದ ಸಿಟ್ಟು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ, ಯಾವ ನೋಟೀಸೂ ಇರಲಿಲ್ಲ, ನಾಯಕರು ಯಾರೆಂದು ಪೊಲೀಸರಿಗೂ ತಿಳಿಯಲಿಲ್ಲ. ಮರುದಿನ ಸಂಜೆಯೊಳಗೆ ದಿಲ್ಲಿ ಆ ನಿಯಮವನ್ನು ವಾಪಸು ತೆಗೆದುಕೊಂಡಿತು. ನಮ್ಮಲ್ಲೂ 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು ಗವಿಮಠದ ಗವಿಸಿದ್ಧೇಶ್ವರ ಸ್ವಾಮಿಗಳನ್ನು ಮುಂದಿಟ್ಟುಕೊಂಡು ಕೊಪ್ಪಳ-ಭಾಗ್ಯನಗರ ಬಂದ್ ಆದಾಗ, ಒಂದು ಮಿರ್ಚಿ ಸಿಗಲಿಲ್ಲ. ನಮ್ಮೂರಲ್ಲಿ ಒಗ್ಗರಣಿ-ಮಿರ್ಚಿ ಬಂದ್ ಆಯಿತು ಅಂದರೆ ಅದರ ತೂಕ ತಿಳಿದವರಿಗೇ ತಿಳಿಯುತ್ತದೆ. ಆದರೆ ಈ ಎರಡೂ ಕಡೆ ಜನಕ್ಕೆ ಒಂದು ಗೊತ್ತಿತ್ತು: ಎದುರಿಗೆ ಯಾರಿದ್ದಾರೆ ಎಂಬುದು. ಚಿಗವ್ವ ಯಾವ ರಸ್ತೆಯಲ್ಲಿ ಹೋಗಿ ಕೂರಬೇಕು?

ಈ ಗಂಟನ್ನು ಬಿಡಿಸಿದ ಉದಾಹರಣೆಯೇ ಇಲ್ಲವೆಂದಲ್ಲ, ಇದೆ, ಅದೂ ಕನ್ನಡನಾಡಿನದೇ. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರೂ ಹೀಗೇ ಮನೆಯಲ್ಲಿ ಕೂತು ಮೊರದಲ್ಲಿ ಎಲೆ, ತಂಬಾಕು ಇಟ್ಟುಕೊಂಡು ದುಡಿಯುವವರು. ಇವರು ನಮ್ಮ ಕೆಲಸದವರಲ್ಲ, ಗುತ್ತಿಗೆದಾರನಿಗೆ ಬೀಡಿ ಕೊಡುವವರು ಎಂದೇ ಕಂಪನಿಗಳು ಹೇಳುತ್ತಿದ್ದವು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂದು, ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ, ನಡುವೆ ಗುತ್ತಿಗೆದಾರ ಇದ್ದರೂ ಕೊನೆಯಲ್ಲಿ ಬೀಡಿ ಯಾರದೋ ಅವನೇ ಮಾಲಕ ಎಂದಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರಲ್ಲಿ ಮಂಗಳೂರು ಗಣೇಶ್ ಬೀಡಿಯವರ ಹೆಸರಿನ ಆ ಮೊಕದ್ದಮೆಯಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಒಂದು ಸಾಲಿನಲ್ಲಿ ಸಿಕ್ಕಿನ ತುದಿ ಸಿಕ್ಕಿತು! ಬೀಡಿಗೆ ಸಿಕ್ಕದ್ದು ಕೂದಲಿಗೆ ಸಿಗಲಿಲ್ಲ. ಅಷ್ಟು ಸಾಲದೆಂಬಂತೆ ಆ ಬೀಡಿ ಕಾಯಿದೆಯೂ ಈಗ ಅಳಿದುಹೋದ 29ರಲ್ಲಿ ಒಂದು, ಇನ್ನೊಂದು ಸಂಹಿತೆಯ ಹೊಟ್ಟೆಯಲ್ಲಿ ಕರಗಿದೆ.

ಅಹಮದಾಬಾದಿನಲ್ಲಿ ಇಳಾ ಭಟ್ ಬೇರೆ ದಾರಿ ಹಿಡಿದರು. ತಳ್ಳುಗಾಡಿಯವರು, ತಲೆಹೊರೆಯವರು, ಮನೆಯಲ್ಲಿ ಹೊಲಿಯುವವರು, ಎಲ್ಲ ಹೆಂಗಸರನ್ನು ಸೇರಿಸಿ "ಸೇವಾ" ಸಂಘ ನೋಂದಾಯಿಸಲು ಹೋದರೆ ಇಲಾಖೆಯವರು ಒಪ್ಪಲಿಲ್ಲ. ನಿಮಗೆ ಮಾಲಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಎಂದರು. ಸಂಘ ಇರುವುದು ಮಾಲಕನ ವಿರುದ್ಧ ಅಲ್ಲ, ದುಡಿಯುವವರು ಒಂದಾಗುವುದಕ್ಕೆ ಎಂದು ವಾದಿಸಿ ವಾದಿಸಿ, 1972ರಲ್ಲಿ ಕೊನೆಗೂ ನೋಂದಣಿ ಪಡೆದರು.

ಇದಿಷ್ಟನ್ನೂ ಓದಿಕೊಂಡು ನಿನ್ನೆ ಮಧ್ಯಾಹ್ನ ಎದುರು ಕಟ್ಟೆಗೆ ಹೋದೆ. ಏಳೂ ಮಂದಿ ಕೂತಿದ್ದರು. ನಡುವೆ ಒಂದು ಹೊಸ ತಕ್ಕಡಿ. ಸಣ್ಣದು, ಬಟನ್ನು ಒತ್ತಿದರೆ ಕೆಂಪು ಅಂಕಿ ಬರುವಂಥದ್ದು. ಏನಿದು ಅಂದೆ. ಹುಡುಗ ತೂಕ ಮಾಡಿದರೆ ಚೀಲಕ್ಕೆ ಐವತ್ತು ಗ್ರಾಂ ಕಡಿಮೆ ಬರುತ್ತಿತ್ತಂತೆ. ಎಲ್ಲರೂ ಪಟ್ಟಿ ಹಾಕಿ ಕೊಪ್ಪಳದ ಜವಾಹರ ರಸ್ತೆಯಿಂದ ತಕ್ಕಡಿ ತಂದಿದ್ದಾರೆ. ಈಗ ಕೊಡುವ ಮುಂಚೆ ತಾವೇ ತೂಗಿ, ಚೀಟಿ ಬರೆದಿಟ್ಟು ಕೊಡುತ್ತಾರೆ. ಹುಡುಗ ಏನೆಂದ? "ಏನಂದಾನು? ಒಬ್ಬಾಕಿ ಕಟಿಪಿಟಿ ಮಾಡಿದ್ರ ನಾಳಿಂದ ನಿನಗ ಚೀಲ ಇಲ್ಲ ಅಂತಿದ್ದ. ಎಲ್ಲಾರೂ ಮಾಡಿದ್ರ ಚೀಲ ಎಲ್ಲಿ ಒಯ್ದು ಕೊಟ್ಟಾನು?"

ನಾನು ಉತ್ಸಾಹದಿಂದ 1926ರ ಕಥೆ ಶುರು ಮಾಡಿದೆ. ಅರ್ಜಿಗೆ ಏಳು ಮಂದಿಯ ಸಹಿ ಸಾಕು, ಆದರೆ 2002ರಿಂದೀಚೆಗೆ ಕಸುಬಿನವರಲ್ಲಿ ನೂರಕ್ಕೆ ಹತ್ತು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು, ಹೊಸ ಸಂಹಿತೆಯಲ್ಲೂ ಹಾಗೇ, ಭಾಗ್ಯನಗರದಲ್ಲಿ ನೂರು ಮಂದಿ ಕೂದಲಿನವರಿಗೇನು ಬರವೇ, ಈ ಓಣಿ ಆ ಓಣಿ ಸೇರಿಸಿದರೆ ಸಂಜೆಯೊಳಗೆ ಆಗುತ್ತದೆ ಎಂದೆಲ್ಲ ಹೇಳಿದೆ. ಚಿಗವ್ವ ಹಲ್ಲಿನ ಸಂದಿಯಿಂದ ಒಂದು ಕೂದಲು ತೆಗೆದು ನೋಡಿ ಬಿಳಿಯದರ ಗುಂಪಿಗೆ ಹಾಕಿದಳು.

"ಆ ಕಾಫಿ ಅಂಗಡಿ ಹುಡುಗ್ರಿಗೆ ಮಾಲಕ ಯಾರಂತ ಗೊತ್ತೈತೇನು?"

"ಗೊತ್ತೈತಿ ಚಿಗವ್ವ. ಅವ ಒಪ್ಪಂದಕ್ಕ ಬರವಲ್ಲ, ಅಷ್ಟ."

"ಗೊತ್ತಿದ್ರೂ ಬರವಲ್ಲ?"

"ಹೂಂ."

ಅವಳು ಸ್ವಲ್ಪ ಹೊತ್ತು ಉಂಡೆಯನ್ನೇ ನೋಡಿದಳು. "ಸಹಿ ಅಂದ್ಯಲ್ಲ, ಏಳು ಮಂದಿದು ಸಾಕೇನು ಮೊದಲಿಗೆ?"

"ಮೊದಲಿಗೆ ಸಾಕು."

ಪೆನ್ನು ತರಲು ನಾನು ಎದ್ದೆ. ಅಷ್ಟರಲ್ಲಿ ತುದಿಗೆ ಕೂತಿದ್ದವಳ ಮನೆಯಿಂದ ಮೊಮ್ಮಗಳು ಬಂದು, "ಅಮ್ಮಾ, ಅಪ್ಪ ಬಂದಾನ, ರೊಟ್ಟಿ ಅಂತ" ಎಂದು ಕೂಗಿತು. ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು.

ಆರು ಮಂದಿ ಉಳಿದರು.